ಡಾಕ್ಟರ್ ಸಾರಿ ಅಂದಾಗ ಹೆದರಿಬಿಟ್ಟೆ

ಹೋದ ಚಳಿಗಾಲದಲ್ಲಿ ನನ್ನ ಹೆಂಡತಿ ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಎರಡನೇ ದಿನ ಡಾಕ್ಟರಮ್ಮ ಒಬ್ಬರು ಬಂದು ಕುರ್ಚಿ ಎಳೆದುಕೊಂಡು ಕೂತರು. ರಾತ್ರಿಯ ಆಂಟಿಬಯಾಟಿಕ್ ಎರಡು ಸಲ ಕೊಟ್ಟುಬಿಟ್ಟಿದ್ದೇವೆ, ತಪ್ಪು ನಮ್ಮದು, ತೊಂದರೆ ಏನಿಲ್ಲ, ಆದರೂ ರಕ್ತ ಪರೀಕ್ಷೆ ಮಾಡುತ್ತೇವೆ, ಸಾರಿ ಅಂದರು. ನನ್ನ ಕೈಕಾಲು ತಣ್ಣಗಾಯಿತು. ಡಾಕ್ಟರೇ ಸಾರಿ ಅಂತಾರೆ ಅಂದರೆ ಏನೋ ದೊಡ್ಡದೇ ಆಗಿರಬೇಕು ಅಲ್ವಾ? ಸಿಂಧನೂರಿಗೆ ಫೋನ್ ಮಾಡಿದರೆ ಅವ್ವನೂ ಅದನ್ನೇ ಅಂದಳು. “ಸಾರಿ ಅಂದ್ರಾ? ಹಂಗಾದ್ರ ಭಾಳ ಕೆಟ್ಟೈತಿ, ಬ್ಯಾರೆ ಕಡಿ ಕರಕೊಂಡು ಹೋಗು.”

ಏನೂ ಆಗಿರಲಿಲ್ಲ. ತಪ್ಪಾದರೆ ರೋಗಿಗೆ ತಾವೇ ಹೇಳಬೇಕು ಅನ್ನೋದು ಇಲ್ಲಿನ ಡಾಕ್ಟರು, ನರ್ಸುಗಳ ವೃತ್ತಿ ನಿಯಮವಂತೆ. ಹಾನಿ ಜಾಸ್ತಿಯಾಗಿದ್ದರೆ ಆಸ್ಪತ್ರೆಗೇ ಕಾನೂನು: ಎದುರಿಗೆ ಹೇಳಬೇಕು, ಪತ್ರದಲ್ಲೂ ಬರೆದು ಕೊಡಬೇಕು. ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಂಡ ರೀತಿಯ ಬಗ್ಗೆ 2013ರಲ್ಲಿ ತನಿಖಾ ವರದಿ ಬಂತು, ಮರುವರ್ಷ ಈ ಕಾನೂನು ಬಂತು. ಸಾರಿ ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡ ಹಾಗಲ್ಲ ಅಂತ 2006ರದ್ದೇ ಇನ್ನೊಂದು ಕಾನೂನಿದೆ. ನನಗೆ ಹಿಡಿಸಿದ್ದು ಇದು. ಕೇಸಿನ ಹೆದರಿಕೆಗೆ ಬಾಯಿ ಕಟ್ಟಬಾರದು ನೋಡಿ.

ನಮ್ಮ ಕಾಕಾನ ಕಥೆ ಕೇಳಿ. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಾಲ್‌ಬ್ಲಾಡರ್ ಕಲ್ಲಿನ ಆಪರೇಷನ್ ಆಯಿತು. ಮೂರನೇ ದಿನ ಮತ್ತೆ ಥಿಯೇಟರಿಗೆ ಕರೆದೊಯ್ದರು. ಯಾಕೆ ಅಂದರೆ “ಒಳಗ ಸ್ವಲ್ಪ ಕಟ್ಟಿತ್ತು, ತೊಳದೀವಿ” ಅಂದರು, ಅಷ್ಟೇ. ಬಿಲ್ ಮಾತ್ರ ಎರಡು ಆಪರೇಷನ್ನಿಂದು. ತಿಂಗಳಾದ ಮೇಲೆ ಹೊಟ್ಟೆನೋವು ತಾಳದೆ ಹೈದರಾಬಾದಿಗೆ ಹೋದರೆ ಅಲ್ಲಿ ಮೊದಲು ಕೇಳಿದ್ದೇ ಹಳೇ ಆಪರೇಷನ್ ಪೇಪರ್. ಅದನ್ನು ತರೋಕೆ ತಮ್ಮ ರಾಯಚೂರಿಗೆ ಹೋದ. ಕೌಂಟರಿನವನು ತಲೆ ಎತ್ತದೆ ಕೇಳಿದ: “ಯಾಕ್ರೀ, ಕೇಸ್ ಹಾಕ್ತೀರೇನು?”

ಕಾನೂನು ನಮ್ಮಲ್ಲೂ ಇದೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಡಾಕ್ಟರುಗಳ 2002ರ ನಿಯಮವೇ ಹೇಳುತ್ತದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿಯಾಗಿದೆ. ಆದರೆ ಕಾಕಾ ಕೇಳಬೇಕಲ್ಲ. “ಬಿಡಪ, ನಾಳೆ ಮತ್ತ ಅವರ ಹತ್ರನ ಹೋಗಬೇಕು” ಅಂದುಬಿಟ್ಟ. ಬಾಯಿ ಮುಚ್ಚಿಸೋದು ಈ ಮಾತೇ, ಕಾನೂನಿನ ಕೊರತೆ ಅಲ್ಲ. 2024ರಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಡ್ರಿಪ್ ಬಾಟಲಿ, ಕಂಪನಿ, ಅಧಿಕಾರಿ ಅಂತ ಟಿವಿಯಲ್ಲಿ ದಿನಾ ಕೂಗಾಟ. ನಾನಿಲ್ಲಿ ಕೂತು ಒಂದೇ ಯೋಚನೆ ಮಾಡುತ್ತಿದ್ದೆ. ಆ ಮನೆಯವರ ಎದುರು ಯಾರಾದರೂ ಕುರ್ಚಿ ಎಳೆದುಕೊಂಡು ಕೂತರಾ?

ಸರಿ, ಇಲ್ಲಿಯದೂ ಹೇಳಿಬಿಡುತ್ತೇನೆ. ಷ್ರೂಸ್‌ಬರಿ ಕಡೆಯ ಹೆರಿಗೆ ವಾರ್ಡುಗಳಲ್ಲಿ ಆರೈಕೆ ಚೆನ್ನಾಗಿದ್ದಿದ್ದರೆ 201 ಮಕ್ಕಳು ಉಳಿಯಬಹುದಿತ್ತು ಅಂತ 2022ರ ವರದಿ ಹೇಳಿತು, ಅದನ್ನು ಹೊರಗೆ ತರೋಕೆ ತಂದೆತಾಯಂದಿರು ವರ್ಷಗಟ್ಟಲೆ ಬಡಿದಾಡಬೇಕಾಯಿತು. ಎಮರ್ಜೆನ್ಸಿಯಲ್ಲಿ ನಾವೇ ಒಂಬತ್ತು ತಾಸು ಕಾದಿದ್ದೇವೆ. ಊರಿನ ಆ ಡಾಕ್ಟರು ಕಾಕಾನನ್ನು ರಾತ್ರಿ ಹನ್ನೊಂದಕ್ಕೆ ನೋಡಿದ್ದರು, ಸ್ವಂತ ಮೊಬೈಲ್ ನಂಬರ್ ಕೊಟ್ಟಿದ್ದರು. ಒಂದು ಮಾತು ತಪ್ಪಿದರೆ ಆಸ್ಪತ್ರೆಯ ಗಾಜು ಪುಡಿ ಮಾಡೋ ನಮ್ಮ ಜನರ ಮುಂದೆ ಸಾರಿ ಅನ್ನೋದು ಸುಲಭವೂ ಅಲ್ಲ ಬಿಡಿ.

ಪೇಪರ್ ಕೊನೆಗೂ ಸಿಕ್ಕಿತು, ನಾಲ್ಕನೇ ಸಲ ಹೋದಾಗ, ಅದೂ ಎರಡನೇ ಆಪರೇಷನ್ನಿನ ಹಾಳೆ ಬಿಟ್ಟು. ಕಾಕಾ ಈಗಲೂ ಬಿಪಿ ತೋರಿಸೋಕೆ ಅಲ್ಲಿಗೇ ಹೋಗುತ್ತಾನೆ. ಆವತ್ತಿನಿಂದ ಡಾಕ್ಟರು ಅವನ ಹತ್ತಿರ ಫೀ ತಗೊಳ್ಳೋದಿಲ್ಲವಂತೆ. ಯಾಕೆ ಅಂತ ಅವರು ಹೇಳಿಲ್ಲ, ಕಾಕಾನೂ ಕೇಳಿಲ್ಲ.