ವರ್ಷಕ್ಕೆ ಮೂರು ದಿನ ನಡೆಯುವ ಊರು

ಬೀದರ್ ವರ್ಷಕ್ಕೆ ಮೂರೇ ದಿನ ಕಾಲು ನೆಲಕ್ಕಿಡುತ್ತದೆ. ಏಪ್ರಿಲ್ 18, ವಿಶ್ವ ಪರಂಪರೆ ದಿನ. ಜೂನ್ 3, ವಿಶ್ವ ಸೈಕಲ್ ದಿನ. ಸೆಪ್ಟೆಂಬರ್ 27, ವಿಶ್ವ ಪ್ರವಾಸೋದ್ಯಮ ದಿನ. ಉಳಿದ ದಿನ ಊರಿಗೆ ಊರೇ ಗಾಡಿ ಮೇಲೆ.

ಈ ತಾರೀಖು ಗೊತ್ತು ಮಾಡಿದವರು ಯಾರೂ ಬೀದರ್ ಕಡೆ ಬಂದವರಲ್ಲ. ಏಪ್ರಿಲ್ 18ರ ಬಿಸಿಲಿಗೆ ಕೋಟೆಯ ಕೆಂಪು ಕಲ್ಲಿನ ಮೇಲೆ ಜೋಳದ ರೊಟ್ಟಿ ಬೇಯಿಸಬಹುದು. ಜೂನ್ 3ಕ್ಕೆ ಮಳೆ ಬಂದಿರುವುದಿಲ್ಲ, ಬಿಸಿಲು ಹೋಗಿರುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಕಾಲಿಟ್ಟಲ್ಲಿ ರಾಡಿ. ನಡೆಯಬೇಕು ಅನ್ನಿಸುವ ಹವೆ ಇರುವುದು ನವೆಂಬರಿನಿಂದ ಜನವರಿವರೆಗೆ. ಆದರೆ ಆ ಮೂರು ತಿಂಗಳಲ್ಲಿ ನಡೆಯುವುದಕ್ಕೆ ಅಂತ ಒಂದು ದಿನ ಇಲ್ಲ. ದಿನ ಇಲ್ಲ ಅಂದಮೇಲೆ ಬ್ಯಾನರ್ ಇಲ್ಲ. ಬ್ಯಾನರ್ ಇಲ್ಲ ಅಂದಮೇಲೆ ಸುಮ್ನೆ ಯಾರು ನಡೀತಾರೆ?

ಪಾರಂಪರಿಕ ನಡಿಗೆಯ ಆಮಂತ್ರಣದಲ್ಲಿ ಬೆಳಗ್ಗೆ 7 ಅಂತ ಇರುತ್ತದೆ. ಅಂದರೆ ಒಂಬತ್ತೂವರೆ. ಅಷ್ಟರಲ್ಲಿ ಟೀಶರ್ಟ್ ಹಂಚಿ ಮುಗಿದಿರುತ್ತದೆ. ಎಲ್ಲವೂ ಒಂದೇ ಅಳತೆ, ಶಾಲೆ ಹುಡುಗರಿಗೆ ಮೊಣಕಾಲಿನವರೆಗೆ ಬರುತ್ತದೆ. ಚೌಬಾರದ ಹತ್ತಿರ ಶಾಮಿಯಾನ. ಎಪ್ಪತ್ತು ಅಡಿ ಎತ್ತರದ ಕಾವಲು ಗೋಪುರಕ್ಕೂ ಆ ದಿನ ಒಂದು ಬ್ಯಾನರ್. ಅದರಲ್ಲಿ ಚೌಬಾರದ ಚಿತ್ರ ಸಣ್ಣದು, ಶುಭ ಕೋರುವವರ ಮುಖ ದೊಡ್ಡದು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ. ಕೊನೆಗೆ ಹಸಿರು ನಿಶಾನೆ. ಅಲ್ಲಿಂದ ಮಹಮೂದ್ ಗವಾನ್ ಮದರಸಾಕ್ಕೆ ಹತ್ತೇ ನಿಮಿಷದ ದಾರಿ. ನಡಿಗೆಯ ಹಿಂದೆ ಕಾರುಗಳ ಸಾಲು ಮೆಲ್ಲಗೆ ಬರುತ್ತಿರುತ್ತದೆ. ಒಳಗೆ ಯಾರೂ ಇಲ್ಲ, ಡ್ರೈವರ್ ಮಾತ್ರ. ಏಸಿ ಹಾಕಿಕೊಂಡೇ ಬರಬೇಕು ಅಂತ ಅವನಿಗೆ ಮೊದಲೇ ಹೇಳಿರುತ್ತಾರೆ. ಸಾಹೇಬರು ನಡೆದು ಮುಗಿಸುವ ಹೊತ್ತಿಗೆ ಸೀಟು ತಂಪಾಗಿರಬೇಕಲ್ವಾ?

ಮದರಸಾ ಮುಂದೆ ಇನ್ನೊಂದು ಸುತ್ತು ಭಾಷಣ. "ಸುಲ್ತಾನ್ ಮಹಮೂದ್ ಗವಾನರು ಕಟ್ಟಿಸಿದ ಈ ವಿಶ್ವವಿದ್ಯಾಲಯ" ಅಂತ ಯಾರಾದರೂ ಶುರು ಮಾಡಿಯೇ ಮಾಡುತ್ತಾರೆ. ಗವಾನ್ ಸುಲ್ತಾನ ಅಲ್ಲ. ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದು ಬಹಮನಿ ದರ್ಬಾರಿನಲ್ಲಿ ಮಂತ್ರಿಯಾದವನು. 1472ರಲ್ಲಿ ಮದರಸಾ ಕಟ್ಟಿಸಿದ. ಒಂದು ಖೋಟಾ ಪತ್ರವನ್ನು ನಂಬಿ 1481ರಲ್ಲಿ ಸುಲ್ತಾನನೇ ಅವನ ತಲೆ ತೆಗೆಸಿದ. ಸುಲ್ತಾನನ ಕೈಯಲ್ಲೇ ಸತ್ತವನಿಗೆ ನಮ್ಮ ವೇದಿಕೆ ಮೇಲೆ ವರ್ಷ ವರ್ಷ ಸುಲ್ತಾನ್ ಪಟ್ಟ. ಇದಕ್ಕಿಂತ ದೊಡ್ಡ ನ್ಯಾಯ ಅವನಿಗೆ ಎಲ್ಲಿ ಸಿಗಬೇಕು! ಆಮೇಲೆ ಗುಂಪು ಫೋಟೋ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಗಿದೆ. ಮುಂದಿದ್ದ ಎರಡು ಮಿನಾರುಗಳಲ್ಲಿ ಉಳಿದಿರುವುದು ಒಂದೇ. "ಈ ಕಡೆ ಸರೀರಿ ಸರ್, ಬಿದ್ದಿದ್ದು ಕಾಣಬಾರದು" ಅಂತಾನೆ ಫೋಟೋದವನು. ಅಷ್ಟಕ್ಕೆ ಸಂರಕ್ಷಣೆ ಮುಗಿಯಿತು.

ಸೈಕಲ್ ದಿನದ ಸೊಗಸೇ ಬೇರೆ. ಸೈಕಲ್ಲುಗಳು ಟೆಂಪೋದಲ್ಲಿ ಬರುತ್ತವೆ. ಸೀಟಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರುವುದಿಲ್ಲ. ಮುಖ್ಯ ಅತಿಥಿ ಹತ್ತುವಾಗ ಒಬ್ಬ ಹ್ಯಾಂಡಲ್ ಹಿಡಿಯುತ್ತಾನೆ, ಇನ್ನೊಬ್ಬ ಕ್ಯಾರಿಯರ್ ಹಿಡಿಯುತ್ತಾನೆ. "ಸರ್, ಪೆಡಲ್ ಮ್ಯಾಲೆ ಕಾಲಿಡ್ರಿ, ಸಾಕು." ಕಾಲಿಟ್ಟರು. ಮರುದಿನದ ಪೇಪರಿನಲ್ಲಿ 'ಸೈಕಲ್ ತುಳಿದು ಗಮನ ಸೆಳೆದ' ಅಂತ ಬರುತ್ತದೆ. ಗಮನ ಸೆಳೆದಿದ್ದು ನಿಜ, ತುಳಿದಿದ್ದು ಮಾತ್ರ ಯಾರೂ ನೋಡಲಿಲ್ಲ.

ನಡೆಯುವುದಕ್ಕೆ ದಾರಿ ಇಲ್ಲ ಅಂದುಕೊಳ್ಳಬೇಡಿ. ಊರಿನಿಂದ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳಿಗೆ ಹೋಗುವ ದಾರಿ ಮೂರು ಕಿಲೋಮೀಟರ್ ಆಸುಪಾಸು. ನಡುವೆ ಚೌಖಂಡಿ, ಸೂಫಿ ಸಂತರೊಬ್ಬರ ಗೋರಿ. ಮುಂದೆ ಹೊಲಗಳ ಮಧ್ಯೆ ಸಾಲಾಗಿ ಗುಮ್ಮಟಗಳು. ಸಿಡಿಲು ಬಡಿದು ಅರ್ಧ ಬಾಯ್ಬಿಟ್ಟ ಹುಮಾಯೂನ್ ಷಾ ಗೋರಿ ದೂರದಿಂದಲೇ ಕಾಣುತ್ತದೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ದಾರಿ ಹೈದರಾಬಾದಿನವರು ದುಡ್ಡು ಕೊಟ್ಟರೂ ಸಿಗಲ್ಲ. ಆದರೆ ಈ ದಾರಿಯಲ್ಲಿ ನಡೆಯಲು ಗಟ್ಟಿ ಗುಂಡಿಗೆ ಬೇಕು. ನೂರು ಹೆಜ್ಜೆಗೊಬ್ಬರು ಬೈಕ್ ನಿಲ್ಲಿಸುತ್ತಾರೆ.

"ಯಾಕ್ರಿ ಸರ್, ಗಾಡಿ ಬಂದ್ ಬಿತ್ತೇನ್ರಿ?"

"ಇಲ್ರಿ, ಹಂಗೇ ನಡ್ಕೋತ ಹೊಂಟೀನಿ."

"ಡಾಕ್ಟರ್ ಹೇಳ್ಯಾರೇನು? ಸಕ್ರಿ ಐತೇನ್ರಿ?"

ಸಕ್ಕರೆ ಕಾಯಿಲೆ ಇದೆ ಅಂದರೆ ಬಿಟ್ಟುಬಿಡುತ್ತಾರೆ. ಇಲ್ಲ, ಗೋರಿ ನೋಡಲು ಹೊರಟೆ ಅಂದರೆ ಮುಖ ನೋಡಿ, "ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?" ಅಂತ ಮೆತ್ತಗೆ ಕೇಳುತ್ತಾರೆ.

ಇದೇ ಜನ ದೇವರ ಹೆಸರು ಬಂದರೆ ಮೈಲಾರ ಮಲ್ಲಣ್ಣನವರೆಗೂ ಬರಿಗಾಲಲ್ಲಿ ನಡೆಯುತ್ತಾರೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರು, ತಲೆ ಮೇಲೆ ಬಾವಲಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅಷ್ಟು ದೂರ ಹೋಗಿ ದರ್ಶನ ಮಾಡಿ ಬರುತ್ತಾರೆ. ಅದಕ್ಕೆ ಯಾರೂ ಟ್ರೆಕ್ಕಿಂಗ್ ಅನ್ನುವುದಿಲ್ಲ, ಬೂಟು ಕೇಳುವುದಿಲ್ಲ. ಅಷ್ಟೂರಿನಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಷಾ ವಲಿಯನ್ನು ಅಲ್ಲಮಪ್ರಭು ಅಂತಲೂ ಪೂಜಿಸುತ್ತಾರೆ. ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲೇ ಬರುವ ಸಂಪ್ರದಾಯ ಇದೆ. ಹಸಿರು ನಿಶಾನೆ ಇಲ್ಲದೆ ಅಷ್ಟು ದೂರ ಹೇಗೆ ನಡೆಯುತ್ತಾರೋ, ಸಂಬಂಧಪಟ್ಟವರು ತನಿಖೆ ಮಾಡಿಸಬೇಕು.

ಕೋಟೆಯ ಒಳಗಿನ ಕತೆ ಇನ್ನೊಂದು. ರಂಗೀನ್ ಮಹಲಿನ ಕಪ್ಪು ಕಲ್ಲಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡಲು ಜನ ದೂರದಿಂದ ಬರುತ್ತಾರೆ. ಕೀಲಿ ಇರುವವರು ಊಟಕ್ಕೆ ಹೋಗಿರುತ್ತಾರೆ. ಹಾಗಾಗಿ ಬಾಗಿಲ ಸಂದಿನಲ್ಲಿ ಮೊಬೈಲ್ ತೂರಿಸಿ ಫೋಟೋ. ಹದಿನೈದನೇ ಶತಮಾನದಲ್ಲಿ ನಿಕಿತಿನ್ ಅನ್ನುವ ರಷ್ಯದ ವ್ಯಾಪಾರಿ ಬೀದರಿಗೆ ಬಂದಿದ್ದ. ಅರಮನೆ ಬಾಗಿಲಲ್ಲಿ ಬಂದವರ ಹೋದವರ ಹೆಸರು ಬರೆದುಕೊಳ್ಳಲು ಗುಮಾಸ್ತರು ಕೂತಿರುತ್ತಿದ್ದರು ಅಂತ ಅವನು ಬರೆದಿಟ್ಟಿದ್ದಾನೆ. ಈಗ ಆ ಖರ್ಚು ಉಳಿದಿದೆ. ಬಂದವರು ತಮ್ಮ ಹೆಸರನ್ನು ತಾವೇ ಗೋಡೆ ಮೇಲೆ ಕೆತ್ತಿ ಹೋಗುತ್ತಾರೆ. ಜೊತೆಗೆ ಬಂದವಳ ಹೆಸರೂ, ನಡುವೆ ಒಂದು ಬಾಣವೂ ಉಚಿತ.

ಇನ್ನು ದಾರಿಯನ್ನು 'ಅಭಿವೃದ್ಧಿ' ಮಾಡಿಸಿ ಅಂತ ಕೇಳಲು ನನಗೆ ಭಯ. ಅಭಿವೃದ್ಧಿ ಅಂದರೆ ಮೊದಲು ಕಬ್ಬಿಣದ ಕಮಾನು. ಆಮೇಲೆ ಮರ ಕಡಿದು ಟೈಲ್ಸ್. ಆಮೇಲೆ ಊರಿನ ಹೆಸರಿನ ದೊಡ್ಡ ದೊಡ್ಡ ಅಕ್ಷರ, ಮಧ್ಯೆ ಕೆಂಪು ಹೃದಯ. ಸರಿಯಾಗಿ ಗುಮ್ಮಟಕ್ಕೆ ಅಡ್ಡ ಬರುವ ಹಾಗೆ ನಿಲ್ಲಿಸಬೇಕು. ಕೊನೆಗೆ ನೆಲಕ್ಕೆ ಸೈಕಲ್ ಚಿತ್ರ ಬಳಿಯುತ್ತಾರೆ. ವಾರ ಕಳೆಯುವುದರೊಳಗೆ ಆ ಚಿತ್ರದ ಮೇಲೆ ಮಿರ್ಚಿ ಭಜಿ ಬಂಡಿ. ಅದರ ಮುಂದೆ ಹತ್ತು ಬೈಕು.

ಅಷ್ಟೂರ ಕಡೆಯಿಂದ ದಿನಾ ಸೈಕಲ್ ಮೇಲೆ ಹಾಲು ತರುವ ಮುದುಕರೊಬ್ಬರಿದ್ದಾರೆ. ಎರಡು ಕ್ಯಾನು, ಬಿಸಿಲಿರಲಿ ಮಳೆಯಿರಲಿ. ಹೋದ ಸೈಕಲ್ ದಿನ ಅವರನ್ನು ಚೌಕದಲ್ಲಿ ತಡೆದರು. "ಏ ಕಾಕಾ, ಸೈಕಲ್ ಜಾಥಾ ಬರ್ಲಿಕ್ಕತ್ತದ, ನಿನ್ನ ಸೈಕಲ್ ಬಾಜೂಕ ಹಚ್ಚು!" ಅವರು ಇಳಿದು ನಿಂತರು. ಮುಂದೆ ಪೈಲಟ್ ಜೀಪು, ಹಿಂದೆ ಸೈಕಲ್ ತುಂಬಿದ ಟೆಂಪೋ, ಅದರ ಹಿಂದೆ ಕಾರುಗಳು. ಎಲ್ಲ ಹೋಗಿ ಮುಗಿಯುವ ಲಕ್ಷಣ ಕಾಣಲಿಲ್ಲ. ಕಾಕಾ ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ ಪೊಲೀಸಿನವನಿಗೆ ಹೇಳಿದರು: "ಲಗೂ ಮುಗಸ್ಲಿಕ್ಕ ಹೇಳ್ರಿ ಸಾಹೇಬ್ರ, ಹಾಲು ಒಡೀಲಿಕ್ಕತ್ತದ."