ಗೊರಕೆ ಹೊಡೆಯುವ ಮಗುವಿಗೆ ಒಳ್ಳೆ ನಿದ್ದೆ ಅನ್ನುವವರಿಗೆ

ನಮ್ಮ ಕರಾವಳಿಯಲ್ಲಿ ಹಲ್ಲಿನ ಡಾಕ್ಟರರಿಗೆ ಬರ ಇಲ್ಲ. ಮಣಿಪಾಲ, ಮಂಗಳೂರು, ದೇರಳಕಟ್ಟೆ, ಎಲ್ಲಿ ಹೋದರೂ ಡೆಂಟಲ್ ಕಾಲೇಜು ಉಂಟು. ಶಾಲೆಗೂ ಕ್ಯಾಂಪಿಗೆ ಬರುತ್ತಾರೆ. ಮಕ್ಕಳ ಬಾಯಿಗೆ ಟಾರ್ಚ್ ಬಿಟ್ಟು ಹುಳುಕು ಹಲ್ಲು ಲೆಕ್ಕ ಮಾಡಿ, ಬ್ರಶ್ಶು ಪೇಸ್ಟು ಕೊಟ್ಟು ಹೋಗುತ್ತಾರೆ. ಸಂತೋಷವೇ. ಆದರೆ ಅಷ್ಟು ಬಾಯಿ ನೋಡುವವರು ಒಂದು ಪ್ರಶ್ನೆ ಯಾಕೆ ಕೇಳುವುದಿಲ್ಲ ಅಂತ ನನ್ನ ತಕರಾರು: ಈ ಮಗು ರಾತ್ರಿ ಗೊರಕೆ ಹೊಡೆಯುತ್ತದಾ?

ನಾನು ಕೇಳುತ್ತೇನೆ, ಟೀಚರಲ್ವಾ. "ಅಯ್ಯೋ, ಅದು ಅಜ್ಜನ ಬಳುವಳಿ ಟೀಚರ್, ಒಳ್ಳೆ ನಿದ್ದೆ ಅವನಿಗೆ" ಅಂತ ಹೆತ್ತವರು ನಗುತ್ತಾರೆ.

ಎಂತ ಒಳ್ಳೆ ನಿದ್ದೆ ಮಾರಾಯ್ರೆ! ಬಿಸಿಯೂಟಕ್ಕೆ ಕೂತಾಗ ಅಂಥ ಮಕ್ಕಳನ್ನು ಒಮ್ಮೆ ನೋಡಿ. ಮೂಗು ಕಟ್ಟಿದೆ, ಬಾಯಲ್ಲಿ ಅನ್ನ ಉಂಟು. ನಾಲ್ಕು ಸಲ ಅಗಿದು ಬಾಯಿ ತೆರೆದು ಉಸಿರು ಎಳೆಯುತ್ತವೆ, ಮತ್ತೆ ಅಗಿಯುತ್ತವೆ. ಉಳಿದವರು ತಟ್ಟೆ ತೊಳೆದು ಆಟಕ್ಕೆ ಓಡಿದರೂ ಇವರದ್ದು ಮುಗಿದಿರುವುದಿಲ್ಲ. ಒಣಗಿ ಬಿರಿದ ತುಟಿ, ಕಣ್ಣಿನ ಕೆಳಗೆ ಕಪ್ಪು, ಮುಂದೆ ಬಂದ ಹಲ್ಲು. ಕ್ಲಾಸಿನಲ್ಲಿ ತೂಕಡಿಸುತ್ತವೆ ಅಂದುಕೊಂಡರೆ ಅದೂ ಇಲ್ಲ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಹೆಚ್ಚಾಗಿ ಕೂತಲ್ಲಿ ಕೂರುವುದಿಲ್ಲ. ನಾವು "ತಂಟೆ" ಅಂತ ಹೆಸರಿಟ್ಟು ಬೆಂಚಿನ ಮೇಲೆ ನಿಲ್ಲಿಸುತ್ತೇವೆ.

ಎರಡರಿಂದ ಎಂಟು ವರ್ಷದ ಒಳಗೆ ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ಅನ್ನುವ ಮೆತ್ತನೆ ಗಂಟುಗಳು ಉಸಿರಿನ ದಾರಿಗೆ ಹೋಲಿಸಿದರೆ ದೊಡ್ಡದಾಗಿರುತ್ತವೆ. ದಾರಿ ಕಟ್ಟಿದರೆ ಬಾಯಿ ತೆರೆಯಲೇಬೇಕು. ಬಾಯಿ ತೆರೆದರೆ ಅಂಗುಳಕ್ಕೆ ತಾಗಿ ಇರಬೇಕಾದ ನಾಲಿಗೆ ಕೆಳಗೆ ಬೀಳುತ್ತದೆ. ಒಳಗಿನಿಂದ ನಾಲಿಗೆಯ ಆಸರೆ ಇಲ್ಲ, ಹೊರಗಿನಿಂದ ಕೆನ್ನೆ ಒತ್ತುತ್ತದೆ, ಮೇಲ್ದವಡೆ ಕಿರಿದಾಗಿ ಅಂಗುಳ ಮೇಲಕ್ಕೆ ಏರುತ್ತದೆ. ಅಂಗುಳವೇ ಮೂಗಿನ ನೆಲ, ಹಾಗಾಗಿ ಮೂಗಿನ ಒಳಗೂ ಜಾಗ ಕಮ್ಮಿ. ಕೆಳದವಡೆ ಹಿಂದೆ ಸರಿದು ಮುಖ ಉದ್ದವಾಗುತ್ತದೆ, ಗಂಟಲು ಇನ್ನಷ್ಟು ಇಕ್ಕಟ್ಟು. 1981ರಲ್ಲಿ ಹಾರ್ವೋಲ್ಡ್ ಎಂಬವರು ಮರಿ ಕೋತಿಗಳ ಮೂಗು ಮುಚ್ಚಿ ಮಾಡಿದ ಪ್ರಯೋಗದ ಬಗ್ಗೆ ಬರೆದರು. ಅವುಗಳ ದವಡೆ, ಹಲ್ಲಿನ ಸಾಲು ಬದಲಾಗಿತ್ತು, ಒಂದೊಂದರದ್ದು ಒಂದೊಂದು ಬಗೆ. (ಪಾಪ ಕೋತಿಗಳು.) ಎಲ್ಲವೂ ಮೂಗಿನಿಂದಲೇ ಶುರು ಅಂತಲ್ಲ, ಹುಟ್ಟುವಾಗಲೇ ದವಡೆ ಸಣ್ಣದಿರುವ ಮಕ್ಕಳೂ ಇದ್ದಾರೆ.

ಈಗ ಇನ್ನೊಂದು ಕಾಟ, ಮೊಬೈಲಿನಲ್ಲಿ. "ಟಾನ್ಸಿಲ್, ಅಡಿನಾಯ್ಡ್ ತೆಗೆಯುವ ಆಪರೇಷನ್ ಬೇಡ, ದವಡೆ ಅಗಲ ಮಾಡಿ ಗೊರಕೆ ನಿಲ್ಲಿಸುತ್ತೇವೆ." ಅಂಗುಳಕ್ಕೆ ಸ್ಕ್ರೂ ಇರುವ ಪ್ಲೇಟ್ ಕೂರಿಸಿ, ಕೀಲಿಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಅಗಲ ಮಾಡುವುದು ನಿಜವಾದ ಚಿಕಿತ್ಸೆಯೇ. ನಡುವಿನ ಎಲುಬಿನ ಸಂದು ಗಟ್ಟಿಯಾಗುವ ಮೊದಲು, ದವಡೆ ನಿಜಕ್ಕೂ ಕಿರಿದಾಗಿರುವ ಮಗುವಿಗೆ ಅದರಿಂದ ಉಪಕಾರ ಉಂಟು. ಟಾನ್ಸಿಲ್ ದೊಡ್ಡದಿರುವ ಮಗುವಿಗೆ ಅದೊಂದನ್ನೇ ಹಾಕಿ ಕೈತೊಳೆದುಕೊಂಡರೆ? ಮೂಗು ಕಟ್ಟಿದ ಮಗುವಿನ ಬಾಯಿಗೆ ಟೇಪ್ ಹಚ್ಚಿ ಅನ್ನುವವರಿಗಂತೂ ಎಂತ ಹೇಳಬೇಕೋ ಗೊತ್ತಿಲ್ಲ.

ಮೊದಲು ಇಎನ್‌ಟಿ, ಅಂದರೆ ಕಿವಿ ಮೂಗು ಗಂಟಲಿನ ಡಾಕ್ಟರು, ಆಮೇಲೆ ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರು. ಇಬ್ಬರೂ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ಕತ್ತರಿಗೆ ಹೆದರಿ ಮನೆಯಲ್ಲೇ ಕೂರಬೇಡಿ, ಎಲ್ಲರಿಗೂ ಆಪರೇಷನ್ ಮಾಡುವುದಿಲ್ಲ. ಅಮೆರಿಕದಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ, 5ರಿಂದ 9 ವರ್ಷದ 464 ಮಕ್ಕಳ ಅಧ್ಯಯನ 2013ರಲ್ಲಿ ಬಂತು. ಏಳು ತಿಂಗಳ ನಂತರ, ಆಪರೇಷನ್ ಆದವರಲ್ಲಿ ಶೇ. 79 ಮಕ್ಕಳ ನಿದ್ದೆಯ ಪರೀಕ್ಷೆ ಸರಿಯಾಗಿತ್ತು, ಕಾದು ನೋಡಿದವರಲ್ಲೂ ಶೇ. 46 ಮಕ್ಕಳದ್ದು ಸರಿಯಾಗಿತ್ತು. ನಿಮ್ಮ ಮಗು ಯಾವ ಗುಂಪಿಗೆ ಅಂತ ಡಾಕ್ಟರರೇ ಹೇಳಲಿ.

ಹೋಗುವ ಮೊದಲು ಒಂದು ಕೆಲಸ. ರಾತ್ರಿ ಮಗು ಗಾಢ ನಿದ್ದೆಯಲ್ಲಿರುವಾಗ ಹೊದಿಕೆ ಸರಿಸಿ, ಮುಖವೂ ಎದೆಯೂ ಕಾಣುವ ಹಾಗೆ ಎರಡು ನಿಮಿಷ ವಿಡಿಯೋ ಮಾಡಿ. ಫ್ಯಾನ್ ಸದ್ದು ಜೋರಿದ್ದರೆ ಅಷ್ಟು ಹೊತ್ತು ನಿಲ್ಲಿಸಿ, ಗೊರಕೆ ಕೇಳಬೇಕು. ಉಸಿರು ನಿಂತು ಮತ್ತೆ ಬಿಕ್ಕಿದ ಹಾಗೆ ಎಳೆಯುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಬೆವರುವುದು, ಬಿಟ್ಟುಹೋದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿರುವುದು, ಇದರಲ್ಲಿ ಯಾವುದಿದ್ದರೂ ನಾಚಿಕೊಳ್ಳದೆ ಹೇಳಿ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಆಗಲಿ, ಹತ್ತಿರದ ಮೆಡಿಕಲ್ ಕಾಲೇಜಾಗಲಿ, ಒಪಿಡಿಯಲ್ಲಿ ನಿಮ್ಮ ಸರದಿ ಬಂದಾಗ ಮೊದಲು ಆ ವಿಡಿಯೋ ತೋರಿಸಿ.