ಸೂಜಿ ಯಾರ ಕೈಲಿದೆ ಎಂದು ನೋಡಿ ದುಡ್ಡು ಕೊಡುವ ಇನ್ಶೂರೆನ್ಸ್

ಸಂಧಿವಾತಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಆದರೆ ನರ್ಸ್ ಕೂರಿಸಿ ಡ್ರಿಪ್ ಹಾಕುತ್ತಾರೆ. ಅಡಲಿಮುಮ್ಯಾಬ್ ಆದರೆ ಎರಡು ವಾರಕ್ಕೊಮ್ಮೆ 40 ಮಿ.ಗ್ರಾಂ. ಪೆನ್ನನ್ನು ನಾವೇ ತೊಡೆಗೆ ಚುಚ್ಚಿಕೊಳ್ಳಬೇಕು. ಕಾಯಿಲೆ ಒಂದೇ ಆದರೂ ಇಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ ದುಡ್ಡು ಬರುವುದು ಪಾಲಿಸಿಯ ಮೆಡಿಕಲ್ ಭಾಗದಿಂದ, ಎರಡನೆಯದಕ್ಕೆ ಫಾರ್ಮಸಿ ಭಾಗದಿಂದ. ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲೂ ಹಾಗೇ: ಒಂದು ಚುಚ್ಚುಮದ್ದನ್ನು ಅರ್ಧಕ್ಕಿಂತ ಹೆಚ್ಚು ಜನ ತಾವೇ ತೆಗೆದುಕೊಳ್ಳುತ್ತಾರೆ ಎಂದಾದರೆ ಮೆಡಿಕಲ್ ಭಾಗವಾದ ಪಾರ್ಟ್ ಬಿ ಕೈ ತೊಳೆದುಕೊಳ್ಳುತ್ತದೆ, ಅದು ಔಷಧಿ ಭಾಗವಾದ ಪಾರ್ಟ್ ಡಿ ಪಾಲಿಗೆ ಹೋಗುತ್ತದೆ.

ಭಾರತದಲ್ಲಿ ನಮ್ಮೂರಿನ ಪಾಲಿಸಿ ಕೇಳುವುದು ಬೇರೆ ಪ್ರಶ್ನೆ: ಅಡ್ಮಿಟ್ ಆಗಿದ್ದಿರಾ? 2019ರಲ್ಲಿ ಅಲ್ಲಿನ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಮೇಲಿನ ಎರಡೂ ಔಷಧಿಗಳು ಸೇರುವ ಮೊನೊಕ್ಲೋನಲ್ ಆಂಟಿಬಾಡಿ ಚುಚ್ಚುಮದ್ದನ್ನೂ ಅದರಲ್ಲಿ ಸೇರಿಸಿತು. ಆದರೆ ಅದು ಒಳರೋಗಿಯಾಗಿಯೋ ಡೇಕೇರ್ (ಅದೇ ದಿನ ಮನೆಗೆ ಬರುವ ಅಡ್ಮಿಶನ್) ಆಗಿಯೋ ಆಸ್ಪತ್ರೆಯಲ್ಲಿ ಆಗಬೇಕು. ಮನೆಯ ಫ್ರಿಜ್ಜಿನಲ್ಲಿಟ್ಟ ಪೆನ್ನಿಗೆ, ಡಿಸ್ಚಾರ್ಜ್ ಆದ ಮೇಲಿನ 60 ದಿನವೋ 90 ದಿನವೋ ಬಿಟ್ಟರೆ, ಸಾಮಾನ್ಯವಾಗಿ ಏನೂ ಸಿಗದು. ಹೊರರೋಗಿ ಖರ್ಚಿಗೆಂದು ಹೆಚ್ಚುವರಿಯಾಗಿ ಕೊಳ್ಳುವ ಒಪಿಡಿ ರೈಡರ್ ಇದ್ದರೂ ಅದರ ಮಿತಿ ಇಂಥ ಔಷಧಿಗೆ ಸಾಲುವುದು ಕಷ್ಟ. ಮನೆಯಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಮಂಚ ಹಿಡಿಯುವವನಿಗೆ ಕ್ಲೇಮ್, ತಾನೇ ಚುಚ್ಚಿಕೊಳ್ಳಲು ಕಲಿತವನಿಗೆ ಬಿಲ್. ಇದು ಯಾವ ಲೆಕ್ಕವೋ!

ಮನೆಯ ಚುಚ್ಚುಮದ್ದೂ ಚಿಕಿತ್ಸೆಯೇ ಎಂದು ಒಪ್ಪುವುದರಲ್ಲಿ ಅಮೆರಿಕ ಮುಂದಿದೆ. ಒಪ್ಪಿದ ಮೇಲೆ ಅದು ಕೊಡುವ ಕಾಟ ಮಾತ್ರ ಸಣ್ಣದಲ್ಲ. ಮೊದಲು ಪ್ರಯರ್ ಆಥರೈಸೇಶನ್, ಅಂದರೆ ಔಷಧಿಗೆ ಇನ್ಶೂರೆನ್ಸಿನ ಮುಂಗಡ ಮಂಜೂರಾತಿ: ರೋಗದ ಕೋಡ್, ಟಿಬಿ ಪರೀಕ್ಷೆಯ ಫಲಿತಾಂಶ, ಹಿಂದೆ ಕೊಟ್ಟ ಔಷಧಿಗಳ ಪಟ್ಟಿ. ಸಂಧಿವಾತಕ್ಕೆ ಮೊದಲು ಕೊಡುವ ಔಷಧಿಯ ಬಗ್ಗೆ 'ಮೆಥೊಟ್ರೆಕ್ಸೇಟ್ ಕೊಟ್ಟೆವು, ಫಲಿಸಲಿಲ್ಲ' ಎಂದಷ್ಟೇ ಬರೆದರೆ ಅರ್ಜಿ ವಾಪಸ್ ಬರಬಹುದು; ಎಷ್ಟು ಡೋಸ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾಕೆ ನಿಲ್ಲಿಸಿದರು ಎಂಬುದೂ ಇರಬೇಕು. ಡಾಕ್ಟರು ಎರಡು ವಾರದ ಬದಲು ವಾರಕ್ಕೊಂದು ಪೆನ್ ಎಂದರೆ ಹಳೆಯ ಮಂಜೂರಾತಿ ಸಾಲದು, ಪ್ರಮಾಣ ಹೆಚ್ಚಿಸಲು ಮತ್ತೆ ಕೇಳಬೇಕು. ಜನವರಿಯಲ್ಲಿ ನೀವು ಕೆಲಸ ಮಾಡುವ ಕಂಪನಿ ಇನ್ಶೂರೆನ್ಸ್ ಬದಲಿಸಿದರೂ ಅಷ್ಟೇ, ಮೊದಲಿಂದ ಶುರು. ತಿರಸ್ಕಾರವಾದರೆ ಖಾಸಗಿ ಪಾಲಿಸಿಯಲ್ಲಿ ಮೇಲ್ಮನವಿಗೆ ಸಾಮಾನ್ಯವಾಗಿ 180 ದಿನ ಸಮಯವಿದೆ. ಅದಕ್ಕೂ ಮೊದಲು ನಿಮ್ಮ ಡಾಕ್ಟರು ಇನ್ಶೂರೆನ್ಸಿನ ಡಾಕ್ಟರ ಜೊತೆ ಫೋನಿನಲ್ಲಿ ನೇರ ಮಾತಾಡಲಿ. ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತದೆ.

ಇನ್ನೊಂದು ಹಳ್ಳ, ರೋಗಿ ಕೊಡಬೇಕಾದ ಪಾಲನ್ನು (ಕೋಪೇ) ತುಂಬಲು ಔಷಧಿ ಕಂಪನಿ ಕೊಡುವ ಕೋಪೇ ಕಾರ್ಡ್. ಕೆಲವು ಪಾಲಿಸಿಗಳು ಆ ಕಾರ್ಡಿನ ದುಡ್ಡನ್ನು ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ವರ್ಷಕ್ಕೆ ನಾವೇ ಕಟ್ಟಬೇಕಾದ ಮೊತ್ತ) ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕೈದು ತಿಂಗಳಲ್ಲಿ ಕಾರ್ಡ್ ಖಾಲಿಯಾದಾಗ ಡಿಡಕ್ಟಿಬಲ್ ಪೂರ್ತಿ ನಿಮ್ಮ ತಲೆಗೆ. ಪಾಲಿಸಿ ಆರಿಸುವಾಗಲೇ 'ಕೋಪೇ ಅಕ್ಯುಮುಲೇಟರ್' ಎಂಬ ಈ ನಿಯಮ ಇದೆಯೇ ಎಂದು ಕೇಳಿ. ಮೆಡಿಕೇರ್‌ನವರು ಈ ಕಾರ್ಡ್ ಬಳಸುವಂತೆಯೇ ಇಲ್ಲ.

ಅಗ್ಗದ ಔಷಧಿ ತರುವುದರಲ್ಲಿ ಭಾರತವೇ ಮುಂದೆ. ಅಡಲಿಮುಮ್ಯಾಬ್‌ನ ಬಯೋಸಿಮಿಲರ್ (ಮೂಲ ಔಷಧಿಗೆ ಬಹುತೇಕ ಸಮನಾದ ನಕಲು) ಅನ್ನು ಭಾರತದ ಜೈಡಸ್ ಕಂಪನಿ 2014ರ ಡಿಸೆಂಬರಿನಲ್ಲೇ ಮಾರುಕಟ್ಟೆಗೆ ತಂದಿತು. ಅಮೆರಿಕ 2016ರಲ್ಲೇ ಒಂದಕ್ಕೆ ಅನುಮತಿ ಕೊಟ್ಟರೂ ಪೇಟೆಂಟ್ ಜಗಳದಿಂದ ಅದು ಅಂಗಡಿಗೆ ಬಂದದ್ದು 2023ರ ಜನವರಿಯಲ್ಲಿ. ಬೆಂಗಳೂರಿನ ಬಯೋಕಾನ್ ಸಹ-ಅಭಿವೃದ್ಧಿಪಡಿಸಿದ ಸೆಮ್‌ಗ್ಲೀ 2021ರಲ್ಲಿ ಮೂಲದ ಬದಲಿಗೆ ಫಾರ್ಮಸಿಯೇ ಕೊಡಬಹುದಾದ ಇಲ್ಲಿನ ಮೊದಲ ಇನ್ಸುಲಿನ್ ಬಯೋಸಿಮಿಲರ್ ಎನಿಸಿತು. ಇಲ್ಲಿ ಮೆಡಿಕೇರ್‌ನವರಿಗೆ ಒಂದೊಂದು ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಬಂದದ್ದು 2023ರಲ್ಲಿ.

ಊರಿಂದ ಬರುವ ಅಪ್ಪ ಅಮ್ಮನಿಗೆ ಆ ಮಿತಿ ಅನ್ವಯಿಸದು. ವಿಸಿಟರ್ ಇನ್ಶೂರೆನ್ಸೂ ಹಳೇ ಸಕ್ಕರೆ ಕಾಯಿಲೆಯ ದಿನನಿತ್ಯದ ಇನ್ಸುಲಿನ್ ಕೊಡುವುದಿಲ್ಲ. ಹೊತ್ತು ತರುವುದೇ ಸರಿ. ದಿನಕ್ಕೆ 40 ಯೂನಿಟ್ ಎಂದರೆ 10 ಎಂಎಲ್‌ನ (ಎಂಎಲ್‌ಗೆ 40 ಐಯು, ಅಂದರೆ ಯೂನಿಟ್) ಬಾಟಲಿ ಹತ್ತು ದಿನಕ್ಕೆ ಬರುತ್ತದೆ, ಆರು ತಿಂಗಳಿಗೆ 18 ಬೇಕು. ಎಲ್ಲವೂ ಕೈಚೀಲದಲ್ಲಿರಲಿ, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಕೆಟ್ಟಿತು. ಕೆಂಪು ಮುಚ್ಚಳದ 40ರ ಸಿರಿಂಜ್‌ಗಳನ್ನೂ ಅಷ್ಟು ದಿನಕ್ಕೆ ಲೆಕ್ಕ ಹಾಕಿ ತನ್ನಿ. ಅಮೆರಿಕದ ಬಾಟಲಿ ಎಂಎಲ್‌ಗೆ 100 ಐಯು: ಅದರಿಂದ 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್.